ಹಲ್ಲಿನ ಹಿಂದಿನ ಕಿಟಕಿ

ಫೆಬ್ರವರಿ ೩

ತಮ್ಮಾ,

ಕ್ಷೇಮ ಎಂದು ಬರೆದು ಶುರುಮಾಡುವುದು ನಮ್ಮಿಬ್ಬರ ಅಭ್ಯಾಸ. ಈ ಸಲ ಆ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ.

ನಿನ್ನ ನೀಲಿ ಅಂಗಿಯ ಹೆಗಲನ್ನು ರಫೂ ಮಾಡಿ ಕಳಿಸಿದ್ದೇನೆ. ಈ ಕಾಗದ ಎಂದಿನಂತೆ ಅದರ ಜೇಬಿನಲ್ಲಿದೆ. ಹಗ್ಗದಲ್ಲಿ ನೇತಾಡುವಾಗ ನೀನು ಕಟ್ಟಿಕೊಳ್ಳುವ ಪಟ್ಟಿ ಪ್ರತಿ ಸಲವೂ ಅದೇ ಜಾಗವನ್ನು ತಿನ್ನುತ್ತದೆ. ಎಡ ಹೆಗಲು ಬಲಕ್ಕಿಂತ ಮೊದಲು ಸವೆದಿದೆ ಎಂದರೆ ಈಗಲೂ ಎಡಕ್ಕೆ ವಾಲಿಕೊಂಡೇ ಕೆಲಸ ಮಾಡುತ್ತೀಯ. ಚಿಕ್ಕವನಿದ್ದಾಗ ಊಟಕ್ಕೂ ಹಾಗೇ ಕೂರುತ್ತಿದ್ದೆ.

ಈ ಸಲದ ರಫೂ ಚೆನ್ನಾಗಿಲ್ಲ. ಬಿಸಿಲಿಗೆ ಹಿಡಿದರೆ ನಿನಗೇ ಕಾಣುತ್ತದೆ, ಎಳೆಯ ಬಣ್ಣ ಒಂದು ಛಾಯೆ ಹೆಚ್ಚಾಗಿದೆ. ತಪ್ಪು ನನ್ನ ಕೈಯದಲ್ಲ. ನನ್ನ ಕಿಟಕಿ ಹೋಯಿತು.

ಮೂರನೇ ಮಹಡಿಯ ರಸ್ತೆ ಕಡೆಯ ಕಿಟಕಿ ನಿನಗೆ ನೆನಪಿರಬೇಕು. ಅದರ ಕೆಳಗೇ ನನ್ನ ಮೇಜು. ಇಷ್ಟು ವರ್ಷ ಆ ಬೆಳಕಿನಲ್ಲೇ ಎಳೆಗೆ ಎಳೆ ಹೊಂದಿಸಿದ್ದೇನೆ. ಕಣ್ಣು ದಣಿದರೆ ತಲೆಯೆತ್ತಿ ರಸ್ತೆ ನೋಡುತ್ತಿದ್ದೆ. ಎದುರು ಮಹಡಿಯ ಮನುಷ್ಯ ತನ್ನ ತಲೆ ಬಾಚಿಕೊಳ್ಳದಿದ್ದರೂ ನಾಯಿಗೆ ಬೈತಲೆ ತೆಗೆಯುತ್ತಾನೆ. ಕಾವಲುಗಾರ ಒಬ್ಬ ನಿಂತ ಕಾರಿನ ಕನ್ನಡಿಯಲ್ಲಿ ಸಲ್ಯೂಟ್ ಅಭ್ಯಾಸ ಮಾಡುತ್ತಾನೆ. ಹಸಿರು ಚೀಲದ ಹೆಂಗಸೊಬ್ಬಳು ದಿನಾ ಬೆಳಿಗ್ಗೆ ಬಸ್ಸಿಗೆ ಕಾದು, ಬಸ್ಸು ಬಂದರೆ ಹತ್ತದೆ ಬಿಟ್ಟು, ಮುಂದಿನದಕ್ಕೆ ಹತ್ತುತ್ತಾಳೆ. ಯಾಕೆಂದು ಗೊತ್ತಾಗುವ ಮೊದಲೇ ಮುಚ್ಚಿಬಿಟ್ಟರು.

ಫ್ಲೆಕ್ಸು ಕಟ್ಟುವ ನಿನ್ನ ಕಸುಬಿನವರೇ ಮುಚ್ಚಿದ್ದು. ಮೊದಲು ಗೋಡೆಗೆ ಕಬ್ಬಿಣದ ಚೌಕಟ್ಟು ಬಂತು. ಬಣ್ಣ ಹೊಡೆಯುತ್ತಾರೇನೋ ಎಂದು ಸಂತೋಷಪಟ್ಟೆ. ಮರುದಿನ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಕೋಣೆ ಕತ್ತಲಾಗಿತ್ತು. ಕೆಳಗಿಳಿದು ನೋಡಿದೆ. ನಾಲ್ಕು ಮಹಡಿ ಎತ್ತರದ ಹೆಂಗಸೊಬ್ಬಳು ಟೂತ್‌ಪೇಸ್ಟ್ ಹಿಡಿದು ನಗುತ್ತಿದ್ದಾಳೆ. ನನ್ನ ಕಿಟಕಿ ಅವಳ ಹಲ್ಲಿನ ಹಿಂದೆ ಬಂದಿದೆ. ನಿನ್ನ ಅಕ್ಕ ಈಗ ಪರಸ್ತ್ರೀಯ ಬಾಯೊಳಗೆ ವಾಸವಾಗಿದ್ದಾಳೆ.

ಬಲ್ಬಿನ ಕೆಳಗೆ ಕಪ್ಪೂ ಕಡುನೀಲಿಯೂ ಒಂದೇ. ವಕೀಲರ ಕಪ್ಪು ಕೋಟಿಗೆ ಕಡುನೀಲಿ ಎಳೆ ಹಾಕಿಬಿಟ್ಟೆ. ಮರುದಿನ ಬಂದು, "ಏನಮ್ಮಾ, ಕೋರ್ಟಿನ ಮೆಟ್ಟಿಲ ಮೇಲೆ ನನ್ನ ಬೆನ್ನು ನೀಲಿ ಹೊಡೀತಿದೆಯಂತೆ!" ಎಂದರು. ನಕ್ಕರು, ನಿಜ. ಆದರೆ ಜೊತೆಗೆ ತಂದಿದ್ದ ಇನ್ನೊಂದು ಕೋಟನ್ನು ಕೊಡದೆ ವಾಪಸು ತೆಗೆದುಕೊಂಡು ಹೋದರು.

ತಾರಸಿ ಮೇಲೆ ಕೂತು ಮಾಡು ಅನ್ನಬೇಡ. ಗಾಳಿಗೆ ಎಳೆ ನಿಲ್ಲುವುದಿಲ್ಲ. ಫೋನೂ ಮಾಡಬೇಡ, ಅದರಲ್ಲಿ ನೀನು ಬರೀ ಹೂಂ ಅನ್ನುತ್ತೀಯ. ಏನು ಮಾಡಬಹುದೆಂದು ಕೂತು ಬರೆ.

ಅಕ್ಕ


ಫೆಬ್ರವರಿ ೧೬

ಅಕ್ಕಾ,

ನಾನು ಕ್ಷೇಮ. ನೀನು ಬಿಟ್ಟ ಪದವನ್ನು ನಾನೇ ಬರೆದುಬಿಡುತ್ತೇನೆ.

ನಿನ್ನ ಕಾಗದ ಓದಿ ನಕ್ಕೆ, ಬೈಯಬೇಡ. ಬಾಯೊಳಗೆ ವಾಸ ಅನ್ನುವುದನ್ನು ನಮ್ಮ ತಂಡಕ್ಕೆಲ್ಲ ಓದಿ ಹೇಳಿದೆ. ಮೇಸ್ತ್ರಿ, "ನಿಮ್ಮಕ್ಕಂಗೆ ಹೇಳಪ್ಪ, ಇನ್ನು ಹಲ್ಲುಜ್ಜೋ ಕೆಲ್ಸ ಉಳೀತು ಅಂತ" ಎಂದ.

ನಮ್ಮ ಕೆಲಸದ ರೀತಿ ನಿನಗೆ ಗೊತ್ತಿಲ್ಲ, ಅದಕ್ಕೆ ಇಷ್ಟು ಕೋಪ. ಯಾವ ಗೋಡೆ, ಎಷ್ಟು ಅಗಲ, ಬೋಲ್ಟು ಎಲ್ಲಿ ಎಂದು ಆಫೀಸಿನವರು ಹೇಳುತ್ತಾರೆ. ನಾವು ಮೇಲಿನಿಂದ ಹಗ್ಗ ಇಳಿಬಿಟ್ಟು, ಫ್ಲೆಕ್ಸಿನ ಸುರುಳಿ ಬಿಚ್ಚಿಕೊಂಡು, ಗೋಡೆಗೆ ಬೆನ್ನು ಹಾಕಿ ಇಳಿಯುತ್ತೇವೆ. ಎಳೆದು ಬಿಗಿಯುವಾಗ ಸುಕ್ಕು ಬೀಳಬಾರದು, ಮುಖ ಸೊಟ್ಟಗಾಗಬಾರದು, ನಮ್ಮ ಗಮನವೆಲ್ಲ ಅಷ್ಟೇ. ಹಿಂದೆ ಏನಿದೆ ಎಂದು ನೋಡುತ್ತಾ ಕೂತರೆ ಕೆಳಗೆ ಬೀಳುತ್ತೇವೆ. ಸಾಮಾನ್ಯವಾಗಿ ಅಂಥ ಗೋಡೆಗಳಲ್ಲಿ ಇರುವುದು ಸ್ನಾನದ ಮನೆ, ಮೆಟ್ಟಿಲು, ಹಳೇ ಸಾಮಾನಿನ ಕೋಣೆ. ನಿನ್ನದು ಎಲ್ಲೋ ಒಂದು.

ಒಳ್ಳೆಯ ಬಿಳಿ ಟ್ಯೂಬ್‌ಲೈಟ್ ಹಾಕಿಸಿಕೋ. ಕಂದು ಅಂಗಿ ಕಳಿಸಿದ್ದೇನೆ. ಎಡ ಹೆಗಲೇ.

ತಮ್ಮ


ಫೆಬ್ರವರಿ ೨೬

ತಮ್ಮಾ,

ಎಲ್ಲೋ ಒಂದು! ಆ ಎರಡು ಪದವನ್ನು ನಾನು ಎಷ್ಟು ಸಲ ಓದಿದೆನೆಂದರೆ ಕಾಗದದ ಮಡಿಕೆ ಬಿಟ್ಟುಕೊಂಡಿದೆ. ಪ್ರತಿಯೊಂದು ಕಿಟಕಿಯೂ ಎಲ್ಲೋ ಒಂದೇ, ಒಳಗಿರುವವರಿಗೆ ಬಿಟ್ಟು.

ಟ್ಯೂಬ್‌ಲೈಟ್ ಹಾಕಿಸಿದೆ. ಅದರ ಕೆಳಗೆ ಕೆಂಪು ಬಟ್ಟೆಯೆಲ್ಲ ಜ್ವರ ಬಂದಂತೆ ಕಾಣುತ್ತದೆ. ಕಪ್ಪು, ಕಡುನೀಲಿ, ಕಡುಹಸಿರು ಬಟ್ಟೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಕೋಟುಗಳ ಬಣ್ಣ ಮತ್ತೇನಿರುತ್ತದೆ ಹೇಳು? ರಫೂ ಅಂದರೆ ತೂತು ಇತ್ತೆಂದೇ ಗೊತ್ತಾಗಬಾರದು. ಗೊತ್ತಾದರೆ ಅದು ತೇಪೆ. ನಾನು ಈ ವಯಸ್ಸಿನಲ್ಲಿ ತೇಪೆ ಹಾಕುವವಳಾಗಲಾರೆ.

ನಿನ್ನನ್ನು ನಂಬಿ ಕೂರದೆ ಆ ಜಾಹೀರಾತು ಕಂಪನಿಯ ಆಫೀಸಿಗೆ ಹೋದೆ. ಟೈ ಕಟ್ಟಿದವನೊಬ್ಬ ಕಂಪ್ಯೂಟರಿನಲ್ಲಿ ಆ ಹೆಂಗಸಿನ ಚಿತ್ರ ತೆರೆದು, ತುಂಬ ಮರ್ಯಾದೆಯಿಂದ, "ನಿಮ್ಮ ಕಿಟಕಿ ಯಾವ ಹಲ್ಲಿನ ಹಿಂದೆ ಬರುತ್ತೆ ಮೇಡಂ?" ಎಂದು ಕೇಳಿದ.

ತೋರಿಸಿದೆ.

"ಕೋರೆಹಲ್ಲು" ಎಂದು ಬರೆದುಕೊಂಡ.

"ಬರ್ಕೊಂಡು ಏನ್ಮಾಡ್ತೀರಿ?"

"ದೂರು ದಾಖಲಾಗ್ಬೇಕಾದ್ರೆ ಜಾಗ ಸರಿಯಾಗಿರ್ಬೇಕಲ್ವಾ?"

"ದಾಖಲಾದ ಮೇಲೆ?"

"ದಾಖಲಾಗಿರುತ್ತೆ."

ಅಲ್ಲಿಂದ ನೇರ ನಮ್ಮ ಕಟ್ಟಡದ ಮಾಲೀಕರ ಮನೆಗೆ. ಕೆಳಗಿನ ಮನೆಯಲ್ಲಿರುತ್ತಾರೆ, ಅವರ ಕಿಟಕಿಗಳಿಗೆಲ್ಲ ಬಿಸಿಲು ಧಾರಾಳ. ಬಾಗಿಲಲ್ಲೇ ನಿಲ್ಲಿಸಿಕೊಂಡು, "ನೋಡೀಮ್ಮಾ, ಕಿಟಕಿ ನಿಮ್ದು, ನಾನು ಅದನ್ನ ಮುಟ್ಟಿದೀನಾ? ತೆಗೀರಿ, ಹಾಕ್ಕೊಳ್ಳಿ, ಯಾರು ಬೇಡ ಅಂದ್ರು? ಆದ್ರೆ ಕಿಟಕಿ ಹೊರಗಿನ ಗಾಳಿ ನಂದು" ಎಂದರು. ಬಾಡಿಗೆಗೆ ಬಂದಾಗ ಗಾಳಿ ಬೇರೆ ಎಂದು ಯಾರೂ ಹೇಳಿರಲಿಲ್ಲ. ಉಸಿರಾಡಿದ್ದಕ್ಕೆ ರಸೀದಿ ಕೊಡಿ ಎಂದು ಕೇಳಿ ಬಂದೆ.

ನಿನ್ನ ಕಂದು ಅಂಗಿ ಇಲ್ಲೇ ಇದೆ. ಕಂದು ಬಣ್ಣ ನನಗೆ ಕಾಣುತ್ತಿಲ್ಲ.

ಒಂದೇ ಪ್ರಶ್ನೆ. ಇಷ್ಟು ವರ್ಷದಲ್ಲಿ ನೀನು ಒಂದು ಸಲವಾದರೂ ಹಿಂದೆ ತಿರುಗಿ ನೋಡಿದ್ದೀಯಾ? ಮೇಸ್ತ್ರಿಯ ತಮಾಷೆ ಬೇಡ, ಟ್ಯೂಬ್‌ಲೈಟ್ ಬೇಡ, ಇದಕ್ಕೆ ಮಾತ್ರ ಉತ್ತರ ಬರೆ.

ಅಕ್ಕ


ಏಪ್ರಿಲ್ ೫

ಅಕ್ಕಾ,

ನೋಡಿದೆ.

ತಡವಾಯಿತು. ನಿನ್ನ ಕಾಗದಕ್ಕೆ ಇಲ್ಲ ಎಂದು ಉತ್ತರ ಬರೆದಿಟ್ಟಿದ್ದೆ, ಕಳಿಸಲಾಗಲಿಲ್ಲ. ಆಮೇಲೆ ಒಂದು ಕೆಲಸ ಬಂತು.

ಹಳೆಯ ಕಟ್ಟಡ. ಹಳೇ ಜಾಹೀರಾತು ಇಳಿಸಿ ಹೊಸದು ಏರಿಸಬೇಕು. ಹಳೆಯದರ ಹಗ್ಗ ಬಿಚ್ಚಿದಾಗ ಅದು ಒಂದೇ ಸಲ ಕೆಳಗೆ ಹೋಯಿತು. ನಾನು ಗೋಡೆಯ ಕಡೆ ತಿರುಗಿದೆ. ನನ್ನ ಮೊಣಕಾಲಿನ ಮಟ್ಟದಲ್ಲಿ ಕಿಟಕಿ. ಒಳಗೆ ವಯಸ್ಸಾದವರೊಬ್ಬರು ಕೈಯಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಬೆಳಕು ಹೊಡೆದಿತ್ತು. ಸ್ವಲ್ಪ ಹೊತ್ತಿಗೆ ಕೈ ತೆಗೆದು ನನ್ನನ್ನು ನೋಡಿದರು. ಗಾಬರಿಯಾಗಲಿಲ್ಲ, ಬೈಯಲಿಲ್ಲ. "ಎಷ್ಟೊತ್ತು ಇರುತ್ತೆ?" ಎಂದು ಕೇಳಿದರು.

ನಾನು ನನ್ನ ಕೆಲಸದ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡು, ಊಟದ ಹೊತ್ತಿಗೆ ಮುಗಿಯುತ್ತದೆ ಎಂದೆ.

"ಹಾಗಾದ್ರೆ ಅಲ್ಲೀವರ್ಗೂ ಇರುತ್ತೆ" ಎಂದು ಒಳಗೆ ತಿರುಗಿ, "ಏ, ಬಾರೇ ಇಲ್ಲಿ, ಕುರ್ಚಿ ತಗೊಂಡ್ಬಾ, ಬಿಸಿಲು ಬಂದಿದೆ" ಎಂದು ಹೆಂಡತಿಯನ್ನು ಕರೆದರು. ನೆಂಟರು ಬಂದಿದ್ದಾರೆ ಅನ್ನುವ ಹಾಗೆ ಹೇಳಿದರು. ಇಬ್ಬರೂ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತರು. ನಾನು ಅವರೆದುರೇ ನೇತಾಡುತ್ತಾ ಬೋಲ್ಟು ಬಿಗಿಯುತ್ತಿದ್ದೆ. ಅಷ್ಟು ನಿಧಾನವಾಗಿ ನಾನು ಯಾವತ್ತೂ ಬಿಗಿದಿಲ್ಲ.

ಆಮೇಲೆ ಹೊಸದನ್ನು ಏರಿಸಿದೆವು.

ನಿನಗೆ ಒಂದು ದಾರಿ ಇದೆ. ಇಷ್ಟು ದೊಡ್ಡ ಫ್ಲೆಕ್ಸು ಗಾಳಿಗೆ ಹಾಯಿಯ ಹಾಗೆ ಉಬ್ಬಿ ಹರಿದುಹೋಗುತ್ತದೆ. ಅದಕ್ಕೆ ಬ್ಲೇಡಿನಿಂದ ಅಲ್ಲಲ್ಲಿ ಅರ್ಧಚಂದ್ರದ ಆಕಾರದಲ್ಲಿ ಕೊಯ್ದು ಬಿಡುತ್ತೇವೆ. ಗಾಳಿ ಬಂದಾಗ ಅದು ಬಾಗಿಲಿನ ಹಾಗೆ ತೆರೆದುಕೊಳ್ಳುತ್ತದೆ. ಇವಕ್ಕೆ ಗಾಳಿಕಿಂಡಿ ಅನ್ನುತ್ತೇವೆ. ಎಲ್ಲಿ ಕೊಯ್ಯಬೇಕೆಂದು ಯಾರೂ ಹೇಳುವುದಿಲ್ಲ, ಅದು ಹಗ್ಗದಲ್ಲಿರುವವನ ಇಷ್ಟ. ಸಾಮಾನ್ಯವಾಗಿ ಮುಖ ಕೆಡದಂತೆ ಅಂಚಿನಲ್ಲಿ ಕೊಯ್ಯುತ್ತೇವೆ. ನಿಮ್ಮ ಕಡೆಯ ಹುಡುಗರು ಹಗ್ಗ ಬಿಗಿಯಲು ಬಂದಾಗ ಬ್ಲೇಡು ಯಾರ ಹತ್ತಿರ ಇದೆ ನೋಡಿ ಅವನನ್ನು ಕೇಳು. ಕುಡಿಯಲು ನೀರು ಕೊಡು. ನಾನೂ ಹಗ್ಗದವನ ಅಕ್ಕ ಎಂದು ಹೇಳು.

ತಮ್ಮ


ಏಪ್ರಿಲ್ ೨೮

ತಮ್ಮಾ,

ನೀನು ಹೇಳಿದ ಹಾಗೆಯೇ ಆಯಿತು.

ಹಗ್ಗದವನು ಕಿಟಕಿಯ ಹೊರಗೆ ತಲೆಕೆಳಗಾಗಿ ಪ್ರತ್ಯಕ್ಷನಾದ. ನೀರಿನ ಲೋಟ ಚಾಚಿ ವಿಷಯ ಹೇಳಿದೆ. "ಅಯ್ಯೋ, ಹಲ್ಲಿನ ಮೇಲಾ ಅಕ್ಕಾ? ಮುರಿದ ಹಲ್ಲಿನ ಥರ ಕಾಣುತ್ತಲ್ಲಾ!" ಎಂದ. "ದಂತವೈದ್ಯರು ಯಾರಾದ್ರೂ ದುಡ್ಡು ಕೊಟ್ಟು ಮಾಡ್ಸಿದಾರೆ ಅಂದ್ಕೋತಾರೆ, ಕೊಯ್ಯಪ್ಪಾ" ಎಂದೆ. ನಕ್ಕು ಕೊಯ್ದ. ಎರಡು ಅರ್ಧಚಂದ್ರ, ಸರಿಯಾಗಿ ಮೇಜಿನ ನೇರಕ್ಕೆ. ಈಗ ಬೆಳಿಗ್ಗೆ ನನ್ನ ಬಟ್ಟೆಯ ಮೇಲೆ ಅಂಗೈಯಗಲದ ಬಿಸಿಲು ಬೀಳುತ್ತದೆ. ಅದು ಸರಿದಂತೆ ನಾನೂ ಕುರ್ಚಿ ಸರಿಸುತ್ತೇನೆ. ನಿನ್ನ ಕಂದು ಅಂಗಿ ಅದರಲ್ಲೇ ಮುಗಿಯಿತು, ಬಿಸಿಲಿಗೆ ಹಿಡಿದು ತೂತು ಹುಡುಕು ನೋಡೋಣ.

ಇನ್ನೊಂದು. ಕಿಟಕಿಯಿಡೀ ಇದ್ದಾಗ ನಾನು ನೋಡುತ್ತಿದ್ದುದು ಹಸಿರು ಚೀಲದ ಹೆಂಗಸನ್ನು. ಕಿಂಡಿಯಲ್ಲಿ ಕಾಣುವುದು ಬಸ್ಸಿನ ಮೂತಿ ಮಾತ್ರ. ಮೊದಲ ಬಸ್ಸು ಬಂದು ನಿಂತಾಗ ಡ್ರೈವರಿನ ಕಿಟಕಿಯಿಂದ ಒಂದು ಕೈ ಹೊರಗೆ ಬರುತ್ತದೆ, ಚೀಲದಿಂದ ಊಟದ ಡಬ್ಬಿ ಅದಕ್ಕೆ ಹೋಗುತ್ತದೆ. ಗಂಡನೋ ಮಗನೋ. ಡಬ್ಬಿ ಕೊಟ್ಟು ಅವಳು ತನ್ನ ಬಸ್ಸಿಗೆ ಕಾಯುತ್ತಾಳೆ. ಇಷ್ಟು ವರ್ಷ ಅವಳನ್ನು ಅರೆಮರುಳು ಅಂದುಕೊಂಡಿದ್ದೆ.

ಹಾಗೆಂದು ಕಿಂಡಿಯನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡ. ನನ್ನದೇ ಬಿಸಿಲನ್ನು ಲೋಟ ಚಾಚಿ ಬೇಡಿಕೊಳ್ಳಬೇಕೆಂದರೆ ಮೈ ಉರಿಯುತ್ತದೆ.

ಮತ್ತು ನಿನ್ನ ಕಾಗದದ ಒಂದು ಸಾಲು. "ಆಮೇಲೆ ಹೊಸದನ್ನು ಏರಿಸಿದೆವು." ಅಷ್ಟೇನಾ? ಆ ಇಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದಾಗಲೇ ಮುಚ್ಚಿ, ಕೆಳಗಿಳಿದು, ಕೈ ತೊಳೆದು ಊಟಕ್ಕೆ ಕೂತೆಯಾ? ಅಕ್ಕನಿಗೆ ಕಿಂಡಿಯ ದಾರಿ ಹೇಳಿಕೊಟ್ಟವನಿಗೆ ನಿನ್ನ ಕೈಯಲ್ಲೇ ಬ್ಲೇಡು ಇತ್ತು ಎಂಬುದು ಮರೆತುಹೋಯಿತಾ? ನೀನು ಬರೆಯದೆ ಬಿಟ್ಟದ್ದು ನನಗೆ ಕಾಣುತ್ತದೆ. ಬಿಟ್ಟುಹೋದ ಎಳೆ ಹುಡುಕುವುದೇ ನನ್ನ ಕೆಲಸ.

ಅಕ್ಕ


ಜೂನ್ ೯

ಅಕ್ಕಾ,

ಕ್ಷೇಮ. ಇಲ್ಲಿ ಗಾಳಿ ಜೋರು. ಕೆಲಸ ಇದೆ, ತೊಂದರೆ ಏನಿಲ್ಲ.

ಆ ಮುದುಕರ ವಿಷಯ ಇನ್ನು ಕೇಳಬೇಡ. ಅದು ಮುಗಿದ ಕಥೆ.

ಬೂದು ಅಂಗಿ ಕಳಿಸಿದ್ದೇನೆ. ಅವಸರವಿಲ್ಲ, ಬಿಡುವಾದಾಗ ಮಾಡು.

ತಮ್ಮ


ಜೂನ್ ೨೦

ತಮ್ಮಾ,

ಜೇಬಿನಿಂದ ಕಾಗದ ತೆಗೆದು ಓದಿ, ನಿನ್ನ ಅಂಗಿಯನ್ನು ಸುತ್ತಿದ ಹಾಗೆಯೇ ಮೂಲೆಗೆ ಎಸೆದೆ. ಬಿಡಿಸಿಯೂ ನೋಡಿಲ್ಲ. ಈ ಕಾಗದ ಅದರ ಜೇಬಿನಲ್ಲಿ ಬರುವುದಿಲ್ಲ, ನೇರ ಅಂಚೆಗೆ ಹೋಗುತ್ತದೆ.

ಮುಗಿದ ಕಥೆ! ಯಾರಿಗೆ ಮುಗಿಯಿತು? ನಿನಗೆ ಮುಗಿದಿರಬೇಕು, ನೀನು ಬೆನ್ನು ತೋರಿಸುವವನು.

ಇಲ್ಲಿ ಹಲ್ಲಿನವಳು ಹೋದಳು. ಮೊನ್ನೆ ಅವಳನ್ನು ಇಳಿಸಿದರು. ಅರ್ಧ ಗಂಟೆ ಇಡೀ ಆಕಾಶ ನನ್ನ ಕೋಣೆಯೊಳಗಿತ್ತು. ನಾನೂ ಕುರ್ಚಿ ಎಳೆದುಕೊಂಡು ಕೂತೆ, ನಾಚಿಕೆಯಾದರೂ ಕೂತೆ. ಆಮೇಲೆ ಹೊಸದು ಏರಿತು. ಸೋಫಾದ ಮೇಲೆ ನಗುವ ಸಂಸಾರ, ನನ್ನ ಕಿಟಕಿ ಅವರ ದಿಂಬಿನ ಹಿಂದೆ. ಕೆಲಸದವರು ಬೇರೆಯವರು. ಕಿಂಡಿಗಳನ್ನು ಅಂಚಿನಲ್ಲಿ ಕೊಯ್ದು ಹೋದರು. ಕೂಗಿದೆ. ಗಾಳಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಮತ್ತೆ ಕತ್ತಲು. ವಕೀಲರು ನನ್ನ ಮೇಲೆ ನಂಬಿಕೆಯಿಟ್ಟು ಮತ್ತೆ ತಂದುಕೊಟ್ಟಿದ್ದ ಕಪ್ಪು ಕೋಟು ಅರ್ಧಕ್ಕೆ ನಿಂತಿದೆ.

ಹಲ್ಲು ಕೊಯ್ದಿದ್ದ ಹಗ್ಗದವನು ಬೀದಿಯಲ್ಲಿ ಸಿಕ್ಕಿದ್ದ. ಅವನು ಹೇಳಿದ್ದನ್ನು ನಿನಗೆ ಬರೆಯಲೇಬೇಕು. ನಿಮ್ಮ ಊರಿನಲ್ಲೇ ಒಬ್ಬ ಇದ್ದಾನಂತೆ. ಬಿಳೀ ಸೂಟಿನ ದೊಡ್ಡ ಜಾಹೀರಾತು, ಗಾಳಿಯೇ ಇಲ್ಲದ ದಿನ, ಅವನು ಸೂಟಿನ ಎದೆಯ ಮೇಲೇ ದೊಡ್ಡ ದೊಡ್ಡ ಕಿಂಡಿ ಕೊಯ್ದನಂತೆ. ಯಾಕೆಂದರೆ ಹಿಂದೆ ಯಾರದೋ ಕಿಟಕಿ ಇತ್ತು. ಆಫೀಸಿನವರು, "ಮೂವತ್ತಡಿ ಸೂಟಿಗೆ ತೂತು ಹಾಕಿದೀಯಲ್ಲಯ್ಯಾ!" ಎಂದು ಕೂಗಾಡಿ, ಅವನನ್ನು ಹಗ್ಗದಿಂದ ಇಳಿಸಿ ಗೋದಾಮಿನ ಗೇಟಿನಲ್ಲಿ ಕೂರಿಸಿದರಂತೆ. "ಅರ್ಧಚಂದ್ರ ಕೊಯ್ದೋನಿಗೆ ಅರ್ಧಚಂದ್ರಾನೇ ಕೊಟ್ರು ಅಕ್ಕಾ" ಎಂದು ಇವನು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಅವನು ಮನುಷ್ಯ! ನಿಮ್ಮ ಊರಲ್ಲೇ ಇದ್ದಾನೆ, ಹುಡುಕಿಕೊಂಡು ಹೋಗಿ ಅವನನ್ನು ನೋಡಿ ಕಲಿ.

ಅಕ್ಕ


ಜೂನ್ ೨೨

ತಮ್ಮಾ,

ಮೊನ್ನೆಯ ಕಾಗದ ಹೊರಟುಹೋಗಿದೆ. ಅಂಚೆ ಡಬ್ಬಿಗೆ ಕೈ ಹಾಕಿ ನೋಡಿದೆ, ಸಿಗಲಿಲ್ಲ.

ನಿನ್ನೆ ಬೆಳಿಗ್ಗೆ ಕೋಪ ಸ್ವಲ್ಪ ಇಳಿದ ಮೇಲೆ ಬೂದು ಅಂಗಿಯನ್ನು ತಾರಸಿಗೆ ತೆಗೆದುಕೊಂಡು ಹೋಗಿ ಬಿಸಿಲಿಗೆ ಹರಡಿದೆ. ಎಡ ಹೆಗಲು ಹುಡುಕಿದೆ. ಗಟ್ಟಿಯಾಗಿತ್ತು. ಬಲ ಹೆಗಲೂ ಗಟ್ಟಿ. ಪಟ್ಟಿ ಉಜ್ಜಿದ ಗುರುತೇ ಇಲ್ಲ. ಸವೆದಿರುವುದು ಎರಡೂ ಮೊಣಕೈ, ಮತ್ತು ಬೆನ್ನಿನ ಮೇಲೆ ಕುರ್ಚಿಯ ಅಡ್ಡಪಟ್ಟಿ ತಾಗುವ ಜಾಗ. ಮೇಜಿಗೆ ಮೊಣಕೈಯೂರಿ ಇಡೀ ದಿನ ಕೂರುವವನ ಅಂಗಿ ಅದು. ಗುಮಾಸ್ತರ ಅಂಗಿಗಳು ಹಾಗೇ ಬರುತ್ತವೆ. ಗೇಟು ಕಾಯುವವರವೂ.

ಆ ಮುದುಕರ ಕಿಟಕಿಗಾಗಿ ಬಿಳೀ ಸೂಟು ಕೊಯ್ದವನು ನೀನೇ. ನಿನಗೇ ನಿನ್ನ ಕಥೆ ಹೇಳಿ, ಅವನನ್ನು ನೋಡಿ ಕಲಿ ಎಂದು ಬುದ್ಧಿಮಾತು ಬೇರೆ ಬರೆದೆ.

ಕ್ಷಮೆ ಕೇಳುತ್ತಿದ್ದೇನೆ ಅಂದುಕೊಳ್ಳಬೇಡ. ನನಗೆ ಬಂದಿರುವುದು ಇನ್ನೂ ದೊಡ್ಡ ಕೋಪ. ಒಂದು ಸಾಲು ಬರೆಯಲು ನಿನಗೇನಾಗಿತ್ತು ಧಾಡಿ? ನಾನು ನಿನ್ನನ್ನು ಅಷ್ಟೆಲ್ಲ ಬೈಯುತ್ತಿದ್ದರೆ ಗೇಟಿನಲ್ಲಿ ಕೂತು ಓದಿಕೊಂಡೆಯಲ್ಲ, ಅಕ್ಕ ನೊಂದುಕೊಳ್ಳುತ್ತಾಳೆ ಎಂದು ಬಿಟ್ಟೆಯಾ, ನನ್ನ ಆ ಒಂದು ಪ್ರಶ್ನೆಗೆ ಹಗ್ಗದ ಕೆಲಸ ಕಳೆದುಕೊಂಡೆ ಎಂದು ನಾನು ತಿಳಿಯಬಾರದೆಂದಾ? ತಿಳಿಯಿತು. ನಿನ್ನ ಮೊಣಕೈಗಳೇ ಹೇಳಿದವು.

ತಾರಸಿಯಿಂದ ಇಳಿದು ನೇರ ಕೋಣೆಗೆ ಬಂದೆ. ಬಟ್ಟೆ ಒಣಗಿಸುವ ಗಳು ತೆಗೆದುಕೊಂಡೆ. ನನ್ನ ಹರಿತವಾದ ಬ್ಲೇಡನ್ನು ಅದರ ತುದಿಗೆ ದಾರದಿಂದ ಬಿಗಿದೆ, ನೀನು ಬೋಲ್ಟು ಬಿಗಿಯುವ ಹಾಗೆ. ಕಿಟಕಿಯಿಂದ ಎರಡೂ ಕೈ ಹೊರಗೆ ಚಾಚಿ ಆ ಸಂಸಾರದ ದಿಂಬನ್ನು ಕೊಯ್ದೆ. ಮೂರು ಅರ್ಧಚಂದ್ರ, ಒಂದು ಸ್ವಲ್ಪ ಸೊಟ್ಟ. ಹರಿದದ್ದನ್ನು ಕೂಡಿಸುವುದು ಬಿಟ್ಟು ಬೇರೇನೂ ಮಾಡದ ಕೈ ಇದು. ಫ್ಲೆಕ್ಸು ಹರಿಯುವಾಗಿನ ಸದ್ದು ಇಷ್ಟು ಹಿತವಾಗಿರುತ್ತದೆ ಎಂದು ನೀನು ಯಾವತ್ತೂ ಬರೆದಿರಲಿಲ್ಲ.

ಸಂಜೆಯೊಳಗೆ ಮಾಲೀಕರು ಮೆಟ್ಟಿಲು ಹತ್ತಿ ಬಂದರು. ಏದುಸಿರು.

"ಯಾರಮ್ಮಾ ಅದನ್ನ ಹರಿದಿದ್ದು?"

"ಗಾಳಿ."

"ಗಾಳಿ ಇಷ್ಟು ನೀಟಾಗಿ ಗುಂಡಗೆ ಹರಿಯುತ್ತಾ?"

"ನನ್ನನ್ನ ಕೇಳಿದ್ರೆ? ಹೊರಗಿನ ಗಾಳಿ ನಿಮ್ದೇ ಅಲ್ವಾ, ಕರೆದು ವಿಚಾರಿಸಿ."

ಬಂದ ಮೆಟ್ಟಿಲು ಇಳಿದು ಹೋದರು. ಮುಂದೇನು ಮಾಡುತ್ತಾರೋ ಗೊತ್ತಿಲ್ಲ. ಮನೆ ಬಿಡಿ ಎಂದರೂ ಅನ್ನಬಹುದು. ಇವತ್ತು ಬೆಳಿಗ್ಗೆ ವಕೀಲರ ಕೋಟು ಮುಗಿಸಿದೆ. ಕಪ್ಪಿಗೆ ಕಪ್ಪು. ಕೋರ್ಟಿನ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲಲಿ.

ನಿನ್ನ ಬೂದು ಅಂಗಿಯನ್ನು ಹಾಗೆಯೇ ವಾಪಸು ಕಳಿಸಿದ್ದೇನೆ. ಬೆಳಕಿಲ್ಲದ್ದರಿಂದಲ್ಲ. ಮೊಣಕೈ ಸವೆದ ನಿನ್ನ ಅಂಗಿಯನ್ನು ನಾನು ಮುಟ್ಟುವುದಿಲ್ಲ. ಹೆಗಲು ಹರಿದದ್ದಿದ್ದರೆ ಕಳಿಸು.

ಅಕ್ಕ


ಆಗಸ್ಟ್ ೧೪

ಅಕ್ಕಾ,

ಅಂಗಿ ಕಳಿಸಿದ್ದೇನೆ. ಬೇಗ ಬೇಕು, ಹಾಕಿಕೊಳ್ಳಲು ಇನ್ನೊಂದೇ ಉಳಿದಿದೆ. ಎಡ ಹೆಗಲು.

ಗಾಳಿ ಜೋರಾದ ಮೇಲೆ ಹೊಸಬರು ಮೇಲೆ ಹೋಗಲು ಒಪ್ಪಲಿಲ್ಲ. ಮೇಸ್ತ್ರಿ ಗೇಟಿಗೆ ಬಂದು ನನ್ನ ಮುಖ ನೋಡದೆ, "ಏಳಯ್ಯಾ, ಕೂತಿದ್ದು ಸಾಕು" ಎಂದ. ಆಫೀಸಿನವರು ಒಂದು ಷರತ್ತು ಹಾಕಿದ್ದಾರೆ. ಇನ್ನು ಮುಂದೆ ನನ್ನ ಕೈಗೆ ಬ್ಲೇಡು ಕೊಡುವಂತಿಲ್ಲ. ಅದು ಜೊತೆಯವನ ಹತ್ತಿರ ಇರುತ್ತದೆ.

ಎಲ್ಲಿ ಕೊಯ್ಯಬೇಕೆಂದು ಅವನಿಗೆ ತೋರಿಸಲು ನನ್ನ ಬೆರಳು ಸಾಕು.

ತಮ್ಮ